ಮುಪ್ಪು ಕಂಡ ಜಿಲ್ಲೆ

2024ರ ಡಿಸೆಂಬರ್ 16ರಂದು ಅಂಕೋಲಾ ತಾಲೂಕಿನ ಹೊನ್ನಳ್ಳಿಯಲ್ಲಿ, ಗಿಡ ನೆಟ್ಟು ಬೆಳೆಸಿ ಹೆಸರಾದ ತುಳಸಿ ಗೌಡ ತೀರಿಕೊಂಡರು. ಮರುದಿನ ಹಲವು ಪತ್ರಿಕೆಗಳು ಅವರ ವಯಸ್ಸು 86 ಎಂದು ಬರೆದವು. ಅವರು ಹುಟ್ಟಿದ್ದು 1944ರಲ್ಲಿ ಎಂಬ ಇನ್ನೊಂದು ಲೆಕ್ಕವೂ ಓಡಾಡುತ್ತಿತ್ತು. ಅದನ್ನು ಹಿಡಿದರೆ ವಯಸ್ಸು 80. ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ನಡೆದುಹೋಗಿ ಪದ್ಮಶ್ರೀ ಪಡೆದ, ದೇಶವೆಲ್ಲ ಗುರುತು ಹಿಡಿಯುವ ಮುಖ. ಅಂಥವರ ವಯಸ್ಸಿನಲ್ಲೇ ಆರು ವರ್ಷದ ಅಂತರ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅದೇ ತಾಲೂಕಿನ ಬಡಿಗೇರಿಯ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರೂ ಹೋದರು. ಅವರಿಗೆ 88 ಎಂದು ಬರೆದರು.

ಇದು ಪತ್ರಿಕೆಗಳ ತಪ್ಪಲ್ಲ. ಶಾಲೆಯ ಮೆಟ್ಟಿಲು ಹತ್ತದ, ಮನೆಯಲ್ಲೇ ಹೆರಿಗೆಯಾದ ಆ ತಲೆಮಾರಿಗೆ ಹುಟ್ಟಿದ ದಿನದ ಕಾಗದವೇ ಇಲ್ಲ. ಜನಗಣತಿಯವರಿಗೆ ಇದು ಹಳೆಯ ತಲೆನೋವು. ಕೇಳಿದರೆ ಎಲ್ಲರೂ ಅರವತ್ತು, ಅರವತ್ತೈದು, ಎಪ್ಪತ್ತು ಅನ್ನುತ್ತಾರೆ, ಅರವತ್ಮೂರು ಅನ್ನುವವರು ಅಪರೂಪ. ಹಾಗಾಗಿ ಸಮೀಕ್ಷೆಗೆ ಹೋಗುವವರು ಊರಿನ ಘಟನೆಗಳ ಪಟ್ಟಿಯೊಂದನ್ನು ಕೈಯಲ್ಲಿ ಹಿಡಿದಿರುತ್ತಾರೆ. "ಅಮ್ಮಾ, ನಿಮ್ಮ ವಯಸ್ಸೆಷ್ಟು?" ಎಂದರೆ "ಅದ್ಯಾರಿಗೆ ಗೊತ್ತು ತಂಗಿ, ಗೋವೆ ಗಲಾಟೆ ಆಗುವಾಗ ನಂಗೆ ಮದುವೆ ಆಗಿತ್ತು" ಎಂಬಂಥ ಉತ್ತರ ಬರುತ್ತದೆ. ಗೋವಾ ವಿಮೋಚನೆ 1961ರ ಡಿಸೆಂಬರ್‌ನಲ್ಲಿ. ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ನೌಕಾಪಡೆಯ ಗುಂಡು ಹಾರಿದ ದಿನಗಳು. ಆಗ ಹದಿನೆಂಟೋ ಇಪ್ಪತ್ತೋ ಇದ್ದಿರಬಹುದು ಎಂದು ಲೆಕ್ಕ ಹಾಕಬೇಕು. ಇನ್ನೂ ಹಿರಿಯರಾದರೆ 1930ಕ್ಕೆ ಹೋಗಬೇಕು, ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪು ತಯಾರಿಸಿದ ವರ್ಷಕ್ಕೆ. ಈಗ ಆ ಗುರುತು ಹೇಳುವವರು ಉಳಿದಿಲ್ಲವೆಂದೇ ಹೇಳಬೇಕು.

ಆದರೆ ಈ ಪಟ್ಟಿಗಳಲ್ಲಿ ಇರಲೇಬೇಕಾದ, ನಾನು ಎಲ್ಲೂ ಕಾಣದ ವರ್ಷ ಒಂದಿದೆ: 1946. ಉತ್ತರ ಕನ್ನಡದಲ್ಲಿ ಮುಪ್ಪು ಎಂಬುದು ಸಾಮಾನ್ಯ ಜನರ ಪಾಲಿಗೂ ಬಂದ ಕಥೆ ಶುರುವಾಗುವುದು ಅಲ್ಲಿಂದ.

ಹಳೆಯ ಜನಗಣತಿಯ ಅಂಕಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಎದೆ ಝಲ್ಲೆನ್ನುತ್ತದೆ. ಆಗಿನ ಮುಂಬೈ ಪ್ರಾಂತದ ಕೆನರಾ ಜಿಲ್ಲೆಯಲ್ಲಿ, ಅಂದರೆ ಇಂದಿನ ಉತ್ತರ ಕನ್ನಡದಲ್ಲಿ, 1901ರಲ್ಲಿ ಇದ್ದವರು 4,54,490 ಜನ. 1911ಕ್ಕೆ 4,30,548. 1921ಕ್ಕೆ 4,01,727. ಇಪ್ಪತ್ತು ವರ್ಷಗಳಲ್ಲಿ ಜಿಲ್ಲೆ ಐವತ್ತೆರಡು ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತ್ತು. ಹುಟ್ಟಿದವರನ್ನು ಸೇರಿಸಿಯೂ ಇಷ್ಟು ಕೊರತೆ. 1941ರಲ್ಲಿ 4,41,157. ನಲವತ್ತು ವರ್ಷ ಕಳೆದರೂ ಶತಮಾನದ ಆರಂಭದ ಸಂಖ್ಯೆಗೆ ಮರಳಿ ಬಂದಿರಲಿಲ್ಲ. ಪ್ಲೇಗು ಬಂತು, 1918ರ ಇನ್‌ಫ್ಲುಯೆಂಜಾ ಬಂತು, ದುಡಿಮೆ ಹುಡುಕಿ ಊರು ಬಿಟ್ಟವರೂ ಇದ್ದರು. ಆದರೆ ಪ್ಲೇಗು, ಇನ್‌ಫ್ಲುಯೆಂಜಾಗಳು ಬಂದು ಹೋಗುವ ರೋಗಗಳು. ಬಂದು ಹೋಗದೆ ಮನೆಯೊಳಗೇ ಕೂತದ್ದು ಚಳಿಜ್ವರ, ಮಲೇರಿಯಾ.

ಕರಾವಳಿಯ ಮರಳು ನೆಲದ ಊರುಗಳಿಗೆ ಅದರ ಕಾಟ ಕಡಿಮೆ. ಕಾರವಾರ ಪೇಟೆಯಿಂದ ಕಾಳಿ ನದಿಯ ಗುಂಟ ಕದ್ರಾ ಕಡೆಗೆ, ಅಂಕೋಲೆಯಿಂದ ಗಂಗಾವಳಿಯ ಗುಂಟ ಸುಂಕಸಾಳದ ಕಡೆಗೆ ಒಳಗೊಳಗೆ ಹೋದಂತೆ, ಘಟ್ಟದ ಬುಡ ಬಂದಂತೆ, ನೆಲದ ಸ್ವಭಾವವೇ ಬದಲಾಗುತ್ತದೆ. ಘಟ್ಟ ಹತ್ತಿದ ಮೇಲೆ ಸೂಪಾ, ಹಳಿಯಾಳ, ಯಲ್ಲಾಪುರದ ಕಾಡು. ಈ ಸೀಮೆಯ ಜ್ವರಕ್ಕೆ ಮುಖ್ಯ ಕಾರಣ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ. ಅದು ಕೊಳೆತ ಚರಂಡಿಯ ಸೊಳ್ಳೆಯಲ್ಲ. ಮೆಲ್ಲಗೆ ಹರಿಯುವ ತಿಳಿನೀರಿನ ಹಳ್ಳದಲ್ಲಿ, ದಂಡೆಯ ಹುಲ್ಲು ನೀರಿಗೆ ಬಾಗಿದ ಕಡೆ ಮೊಟ್ಟೆ ಇಡುತ್ತದೆ. ಮಳೆಗಾಲದ ಸೆಳವು ಇಳಿದು ಹಳ್ಳಗಳು ತಿಳಿಯಾದಾಗ ಅದರ ಸುಗ್ಗಿ. ನೋಡಲು ಎಷ್ಟು ಚೆಂದದ ಜಾಗವೋ ಅಷ್ಟೇ ಜ್ವರದ ಜಾಗ. ಎಳೆಯ ಮಕ್ಕಳನ್ನು, ಬಸುರಿ ಹೆಂಗಸರನ್ನು ಅದು ಮೊದಲು ಮುಗಿಸುತ್ತಿತ್ತು. ಉಳಿದವರು ರಕ್ತ ಬತ್ತಿದ ಮೈ ಹೊತ್ತು ದುಡಿಯುತ್ತಿದ್ದರು. ಇಡೀ ಭಾರತದಲ್ಲೇ 1940ರ ದಶಕದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಹೊಟ್ಟೆಪಾಡಿಗಾಗಿ ಕಾಡಂಚಿನಲ್ಲಿ ಬದುಕಿದವರ ಆಯುಸ್ಸು ಅದಕ್ಕಿಂತ ಕಡಿಮೆಯೇ ಇದ್ದಿರಬೇಕು.

ಮುಂಬೈ ಪ್ರಾಂತದ ಮಲೇರಿಯಾ ವಿಭಾಗವನ್ನು ನಡೆಸುತ್ತಿದ್ದ ಡಾ. ಡಿ.ಕೆ. ವಿಶ್ವನಾಥನ್ ಈ ಜಿಲ್ಲೆಯನ್ನು ಹಿಡಿದುಕೊಂಡದ್ದು ಇದೇ ಕಾರಣಕ್ಕೆ. ಅವರ ಜೊತೆಗಿದ್ದ ಕೀಟತಜ್ಞ ಟಿ. ರಾಮಚಂದ್ರ ರಾವ್. ಮುಂದೆ ಪುಣೆಯ ವೈರಸ್ ಸಂಶೋಧನಾ ಕೇಂದ್ರ ಸೇರಿ ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ಮೇಲೂ ಕೆಲಸ ಮಾಡಿದವರು, ಭಾರತದ ಅನಾಫಿಲಿಸ್ ಸೊಳ್ಳೆಗಳ ಬಗ್ಗೆ ಇಂದಿಗೂ ತಜ್ಞರು ತೆರೆದು ನೋಡುವ ದೊಡ್ಡ ಗ್ರಂಥ ಬರೆದವರು. ಇಂಥ ಇಬ್ಬರು ಒಂದೇ ಹೊತ್ತಿನಲ್ಲಿ ಈ ಹಳ್ಳಗಳ ದಂಡೆಯಲ್ಲಿ ಕೆಲಸ ಮಾಡಿದ್ದು ಜಿಲ್ಲೆಯ ಪುಣ್ಯ.

ಅವರ ಕಾಲದಲ್ಲಿ ಜ್ವರದ ಅಳತೆ ಬಲು ಸರಳ. ಊರಿನ ಎರಡರಿಂದ ಹತ್ತು ವರ್ಷದ ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು. ಮಗುವಿನ ಎಡ ಪಕ್ಕೆಯ ಕೆಳಗೆ ಬೆರಳಿಟ್ಟು ಉಸಿರು ಎಳೆದುಕೊ ಎನ್ನುವುದು. ಉಸಿರು ಒಳಗೆ ಹೋದಾಗ ಗಟ್ಟಿಯಾದ ಅಂಚೊಂದು ಬೆರಳಿಗೆ ತಾಗಿದರೆ ಗುಲ್ಮ ಊದಿಕೊಂಡಿದೆ ಎಂದರ್ಥ. ಮತ್ತೆ ಮತ್ತೆ ಜ್ವರ ಬಂದ ಗುರುತು ಅದು. ನೂರು ಮಕ್ಕಳಲ್ಲಿ ಎಷ್ಟು ಜನರಿಗೆ ಹಾಗಿದೆ ಎಂಬುದೇ ಆ ಊರಿನ ಜ್ವರದ ಮಟ್ಟ. ಸೂಕ್ಷ್ಮದರ್ಶಕ ಇಲ್ಲದ ಕಡೆಯೂ ಒಬ್ಬ ವೈದ್ಯನ ನಾಲ್ಕು ಬೆರಳು ಇಡೀ ಊರಿನ ಚರಿತ್ರೆ ಓದಬಲ್ಲವಾಗಿದ್ದವು.

ಈ ಜ್ವರ ತಡೆಯಲು ಅವರಿಗೆ ಸಿಕ್ಕ ಮದ್ದು ಡಿಡಿಟಿ. ಅದಕ್ಕೆ ಕೀಟ ಕೊಲ್ಲುವ ಗುಣವಿದೆ ಎಂದು ಸ್ವಿಟ್ಜರ್ಲೆಂಡಿನ ಪಾಲ್ ಮ್ಯೂಲರ್ ಕಂಡುಕೊಂಡದ್ದು 1939ರಲ್ಲಿ. ಯುದ್ಧ ಮುಗಿಯುವವರೆಗೂ ಅದು ಸೇನೆಗಳ ಕೈಯಲ್ಲಿತ್ತು. ಸಾಮಾನ್ಯ ಜನರ ಮನೆಗಳಿಗೆ ಸಿಗುವಂತಾದ ಕೂಡಲೇ, 1946ರಲ್ಲಿ, ವಿಶ್ವನಾಥನ್ ತಂಡ ಅದನ್ನು ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಿಗೆ ತಂದಿತು. ಹಳ್ಳಿಗಳ ಮಲೇರಿಯಾ ತಡೆಗೆ ಭಾರತದಲ್ಲಿ ಇಷ್ಟು ದೊಡ್ಡದಾಗಿ ಡಿಡಿಟಿ ಬಳಸಿದ ಮೊದಮೊದಲ ಕೆಲಸಗಳಲ್ಲಿ ಇದೊಂದು. ಕೆಲಸಕ್ಕೆ ಇಬ್ಬರು ಬೇಕು. ಬಕೆಟ್ಟಿನಲ್ಲಿ ಡಿಡಿಟಿ ಕಲಸಿದ ನೀರು, ಅದರೊಳಗೆ ಇಳಿಬಿಟ್ಟ ಪಂಪು. ಒಬ್ಬ ಪಂಪಿನ ಕಬ್ಬಿಣದ ಪಾದದ ಮೇಲೆ ಕಾಲಿಟ್ಟು ಹಿಡಿಯನ್ನು ಮೇಲೆ ಕೆಳಗೆ ಜಗ್ಗುತ್ತಾನೆ. ಇನ್ನೊಬ್ಬ ಉದ್ದ ಕೊಳವೆ ಹಿಡಿದು ಗೋಡೆಯ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಒಂದೇ ಹದದಲ್ಲಿ ಹೊಡೆಯುತ್ತ ಹೋಗುತ್ತಾನೆ. ಪಾತ್ರೆ, ಹಾಸಿಗೆ, ಅಕ್ಕಿಮುಡಿ ಎಲ್ಲ ಅಂಗಳಕ್ಕೆ. ಮಣ್ಣಿನ ಗೋಡೆ, ಸೋಗೆಯ ಮಾಡಿನ ಒಳಮೈ, ದನದ ಕೊಟ್ಟಿಗೆ, ಯಾವುದನ್ನೂ ಬಿಡುವಂತಿಲ್ಲ. ರಕ್ತ ಹೀರಿ ಭಾರವಾದ ಸೊಳ್ಳೆ ಹತ್ತಿರದ ಗೋಡೆಯ ಮೇಲೆ ಕೂರುತ್ತದೆ. ಕೂತರೆ ಸಾಯುತ್ತದೆ. ಅದರ ಹೊಟ್ಟೆಯಲ್ಲಿ ರೋಗಾಣು ಬಲಿಯಲು ಬೇಕಾದ ಹತ್ತು ಹನ್ನೆರಡು ದಿನ ಅದಕ್ಕೆ ಸಿಗುವುದಿಲ್ಲ. ಇಡೀ ಯೋಜನೆಯ ಜೀವ ಇರುವುದು ಇಷ್ಟರಲ್ಲೇ. ಕಾಡಿನ ಸಾವಿರ ಹಳ್ಳಗಳನ್ನು ಚೊಕ್ಕಟ ಮಾಡುವುದು ಆಗದ ಮಾತು, ಮನೆಯ ನಾಲ್ಕು ಗೋಡೆಗೆ ಮದ್ದು ಹೊಡೆಯುವುದು ಆಗುವ ಮಾತು.

ವಿಶ್ವನಾಥನ್ ದೊಡ್ಡವರು ಎಂದು ನನಗೆ ಅನ್ನಿಸುವುದು ಮದ್ದು ಹೊಡೆಸಿದ್ದಕ್ಕೆ ಮಾತ್ರವಲ್ಲ, ಆಮೇಲೆ ಎಣಿಸಿದ್ದಕ್ಕೆ. ಮೊದಲ ವರ್ಷದ ಫಲಿತಾಂಶವನ್ನು ಅವರು ಮತ್ತು ರಾಮಚಂದ್ರ ರಾವ್ 1947ರಲ್ಲೇ ಪ್ರಕಟಿಸಿದರು. 1949ರಲ್ಲಿ ವಿಶ್ವನಾಥನ್ ಇನ್ನೊಂದು ದೀರ್ಘ ಅಧ್ಯಯನ ಹೊರತಂದರು. ಕೆನರಾ ಮತ್ತು ಧಾರವಾಡದ ಜನನ ಮರಣದ ದಾಖಲೆಗಳನ್ನು ಪ್ರಾಂತದ ಉಳಿದ ಜಿಲ್ಲೆಗಳ ದಾಖಲೆಗಳ ಜೊತೆ ಹೋಲಿಸಿ, ಮಲೇರಿಯಾ ಜನಸಂಖ್ಯೆಗೆ ಏನು ಮಾಡಿತ್ತು, ಅದರ ತಡೆ ಏನು ಮಾಡಿತು ಎಂದು ತೂಗಿ ನೋಡಿದ ಬರಹ ಅದು. ಹಳ್ಳಿಯ ಅಧಿಕಾರಿಗಳು ಬರೆದಿಟ್ಟ ಹುಟ್ಟುಸಾವಿನ ಸಾಲುಗಳು ವಿಜ್ಞಾನದ ಸಾಕ್ಷ್ಯವಾದದ್ದು ಹೀಗೆ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ, ಗೋಡೆಗೆ ಮದ್ದು ಹೊಡೆದೇ ಇದನ್ನು ಹಿಡಿತಕ್ಕೆ ತರಬಹುದು ಎಂಬ ಧೈರ್ಯಕ್ಕೆ ಈ ಎರಡು ಜಿಲ್ಲೆಗಳ ಅನುಭವವೂ ಒಂದು ಬುನಾದಿಯಾಗಿತ್ತು. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ 7.5 ಕೋಟಿ ಜನರಿಗೆ ಮಲೇರಿಯಾ, 8 ಲಕ್ಷ ಸಾವು ಎಂಬ ಅಂದಾಜಿತ್ತು. 1960ರ ದಶಕದ ನಡುವೆ ಅದು ಒಂದು ಲಕ್ಷ ಪ್ರಕರಣಗಳ ಆಸುಪಾಸಿಗೆ ಇಳಿದಿತ್ತು. ಸೊಳ್ಳೆ ಮದ್ದಿಗೆ ಬಗ್ಗದಂತಾಗಿ 1970ರ ದಶಕದಲ್ಲಿ ಜ್ವರ ಮತ್ತೆ ತಲೆ ಎತ್ತಿದ್ದು ನಿಜ. ಆದರೂ ಹಳೆಯ ಕಾಲ ಮರಳಲಿಲ್ಲ.

ಜಿಲ್ಲೆಯ ಅಂಕಿ ಏನಾಯಿತು? 1951ರಲ್ಲಿ 5,17,780. ಐವತ್ತು ವರ್ಷಗಳಲ್ಲಿ ಮೊದಲ ಸಲ 1901ರ ಗೆರೆ ದಾಟಿತು. 1961ರಲ್ಲಿ 6,89,549. ದಾಂಡೇಲಿಯ ಕಾಗದ ಕಾರ್ಖಾನೆಗೆ, ಮತ್ತಿತರ ಕೆಲಸಗಳಿಗೆ ಹೊರಗಿನಿಂದ ಬಂದವರನ್ನು ಕಳೆದರೂ ಇದು ಬೇರೆಯೇ ಜಿಲ್ಲೆ. ತುಳಸಿ ಗೌಡ, ಸುಕ್ರಿ ಬೊಮ್ಮಗೌಡರ ವಾರಿಗೆಯವರೆಲ್ಲ 1946ರಲ್ಲಿ ಎರಡರಿಂದ ಒಂಬತ್ತು ವರ್ಷದ ಮಕ್ಕಳು. ಬೆರಳಿಟ್ಟು ಗುಲ್ಮ ನೋಡುವ ವಯಸ್ಸಿನವರು. ದೊಡ್ಡ ಸಂಖ್ಯೆಯಲ್ಲಿ ಎಂಬತ್ತರ ಹೊಸ್ತಿಲು ಮುಟ್ಟಿದ ಮೊದಲ ತಲೆಮಾರು ಬಹುಶಃ ಅದೇ.

ಬದುಕಿ ಉಳಿದ ಮಕ್ಕಳ ಮುಂದಿನ ಆರೋಗ್ಯ ಹೇಗಿರುತ್ತದೆ ಎಂಬ ಪ್ರಶ್ನೆಯನ್ನು ಕೇಳಲು ವಿಜ್ಞಾನಕ್ಕೆ ಇನ್ನೂ ಐವತ್ತು ವರ್ಷ ಬೇಕಾಯಿತು. ಕರ್ನಾಟಕದಲ್ಲಿ ಅದಕ್ಕೆ ಒಳ್ಳೆಯ ಉತ್ತರ ಕೊಟ್ಟದ್ದು ಮೈಸೂರು. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿನ ಹೆರಿಗೆ ದಾದಿಯರು 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತ ಬಂದಿದ್ದರು. ಯಾರಿಗೋ ಮುಂದೆ ಬೇಕಾದೀತು ಎಂದು ಬರೆದದ್ದಲ್ಲ, ಕೆಲಸದ ಶಿಸ್ತಿಗೆ ಬರೆದದ್ದು. 1990ರ ದಶಕದಲ್ಲಿ, ತಾಯಿಯ ಹೊಟ್ಟೆಯಲ್ಲಿದ್ದಾಗಿನ ಪೋಷಣೆಗೂ ನಡುವಯಸ್ಸಿನ ಹೃದಯರೋಗಕ್ಕೂ ನಂಟಿದೆ ಎಂದು ವಾದಿಸುತ್ತಿದ್ದ ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಅವರ ಬಳಗ ಈ ಪುಸ್ತಕಗಳನ್ನು ಹಿಡಿದು ಆಸ್ಪತ್ರೆಯ ವೈದ್ಯರ ಜೊತೆ ಮೈಸೂರಿನ ಓಣಿಗಳಲ್ಲಿ ಆ ಕೂಸುಗಳನ್ನು ಹುಡುಕಿತು. 1934ರಿಂದ 1954ರ ನಡುವೆ ಹುಟ್ಟಿದ 517 ಜನರನ್ನು ಪರೀಕ್ಷಿಸಿ 1996ರಲ್ಲಿ ಫಲಿತಾಂಶ ಹೇಳಿದರು. ಎರಡೂವರೆ ಕಿಲೋಗಿಂತ ಮೇಲೇರದೆ ಹುಟ್ಟಿದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ, ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ನೂರಕ್ಕೆ 3. ಡಾ. ಮುರಳಿ ಕೃಷ್ಣ ಅವರ ತಂಡ ಮುಂದೆ ಇದೇ ದಾಖಲೆಯ ಹಿರಿಯರ ನೆನಪಿನ ಶಕ್ತಿ, ಮನಸ್ಸಿನ ಆರೋಗ್ಯದ ಕಡೆಗೂ ಹೊರಳಿತು. ಆ ಅಧ್ಯಯನದ ಹೆಸರು ಮೈನಾ.

ಕಾರವಾರ, ಅಂಕೋಲೆಯ ಹಳ್ಳಿಗಳಲ್ಲಿ ಆಗ ಕೂಸನ್ನು ತೂಗಿದವರು ಯಾರು? ಸೂಲಗಿತ್ತಿಯ ಕೈ ಅಷ್ಟೇ. ಅದು ಎಷ್ಟು ಪಳಗಿದ ಕೈಯಾಗಿದ್ದರೂ ಕಾಗದದಲ್ಲಿ ಉಳಿಯಲಿಲ್ಲ. ಹಾಗಾಗಿ ಮೈಸೂರಿನ ದಾರಿ ಇಲ್ಲಿಗೆ ಒದಗುವುದಿಲ್ಲ.

ಈಗಿನ ದೊಡ್ಡ ಸಮೀಕ್ಷೆಗಳ ಮಾತಿಗೆ ಬಂದರೆ, ವೃದ್ಧಾಪ್ಯದ ಅಧ್ಯಯನದಲ್ಲಿ ಕರ್ನಾಟಕ ಹಿಂದೆ ಉಳಿದ ರಾಜ್ಯವಲ್ಲ. ಲಾಸಿ ಎಂದು ಕರೆಯುವ ರಾಷ್ಟ್ರೀಯ ಅಧ್ಯಯನದ ಪೂರ್ವಪರೀಕ್ಷೆ 2010ರಲ್ಲಿ ನಡೆದ ನಾಲ್ಕು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2017-18ರಲ್ಲಿ ಅದು ದೇಶದಾದ್ಯಂತ 45 ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನರನ್ನು ತಲುಪಿತು. ಬರೀ ಪ್ರಶ್ನೆ ಕೇಳಿ ಬರುವ ಸಮೀಕ್ಷೆ ಅಲ್ಲ ಇದು. ಹಿರಿಯರ ಕೈಗೆ ಹಿಡಿಯೊಂದನ್ನು ಕೊಟ್ಟು ಬಲವಾಗಿ ಅಮುಕಿ ಎನ್ನುತ್ತಾರೆ, ಮುಷ್ಟಿಯ ಬಲ ಕಿಲೋಗಳಲ್ಲಿ ಕಾಣುತ್ತದೆ. ನೆಲದ ಮೇಲೆ ಅಳೆದ ನಾಲ್ಕು ಮೀಟರ್ ನಡೆಸಿ ಗಡಿಯಾರ ಹಿಡಿಯುತ್ತಾರೆ. ಬೆರಳ ತುದಿಯ ಕೆಲವು ಹನಿ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಒಯ್ಯುತ್ತಾರೆ. ಹತ್ತು ಪದ ಓದಿ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಎಷ್ಟು ನೆನಪಿವೆ ಎಂದು ಕೇಳುತ್ತಾರೆ. ಅಕ್ಷರ ಕಲಿಯದವರ ಬುದ್ಧಿಯನ್ನು ಅಕ್ಷರದ ಅಳತೆಗೋಲಿನಿಂದ ಅಳೆಯಬಾರದು ಎಂದು ಪರೀಕ್ಷೆಗಳನ್ನೇ ಬದಲಿಸಿಕೊಂಡರು. ಅದರಿಂದಲೇ ಹೊರಟ ಇನ್ನೊಂದು ಅಧ್ಯಯನ, ಅರವತ್ತು ದಾಟಿದ ಭಾರತೀಯರಲ್ಲಿ ನೂರಕ್ಕೆ 7.4ರಷ್ಟು, ಸುಮಾರು 88 ಲಕ್ಷ ಜನ, ಮರೆಗುಳಿ ಕಾಯಿಲೆಯಿಂದ ನರಳುತ್ತಿದ್ದಾರೆ ಎಂದು 2023ರಲ್ಲಿ ಅಂದಾಜು ಮಾಡಿತು. ಆದರೆ ಲಾಸಿಯ ಮಾದರಿ ರಾಜ್ಯದ ಮಟ್ಟದ್ದು. ಕಾರವಾರದ್ದು ಬೇರೆ, ಕೋಲಾರದ್ದು ಬೇರೆ ಎಂದು ಅದರಿಂದ ಹೆಕ್ಕಿ ಹೇಳಲಾಗದು.

ಕೋಲಾರಕ್ಕೆ ತನ್ನದೇ ಅಧ್ಯಯನವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ, ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ಮುಂದಾಳುತನದಲ್ಲಿ, 2018ರಲ್ಲಿ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ ಇಟ್ಟುಕೊಂಡು ಹೊರಟಿತು. ಹಳ್ಳಿಯ ಜನರ ಮುಪ್ಪನ್ನು ಇಷ್ಟು ಕಾಳಜಿಯಿಂದ ನೋಡುವ ಕೆಲಸ ದೇಶದಲ್ಲಿ ಅಪರೂಪ. ಆದರೆ ಮಾವಿನ ತೋಪು, ಬಯಲುಸೀಮೆಯ ಒಣನೆಲ, ಬೋರ್‌ವೆಲ್ ನೀರಿನ ಶ್ರೀನಿವಾಸಪುರವೇ ಬೇರೆ, ಮಳೆ, ಮೀನು, ಕುಚ್ಚಲಕ್ಕಿಯ ಅಂಕೋಲೆಯೇ ಬೇರೆ. ಬಾಲ್ಯದ ಜ್ವರದ ಚರಿತ್ರೆಯಂತೂ ಬೇರೆಯೇ.

ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. 1946ರಲ್ಲಿ ಈ ಜಿಲ್ಲೆಯಲ್ಲಿ ಶುರುವಾದ ಪ್ರಯೋಗ ಇನ್ನೂ ಮುಗಿದಿಲ್ಲ. ಅದರ ಅರ್ಧ ಲೆಕ್ಕ ಮಾತ್ರ ಆಗಿದೆ. ಮಕ್ಕಳು ಬದುಕಿದರು ಎಂಬ ಲೆಕ್ಕ ಬರೆದಾಯಿತು. ಬದುಕಿದವರು ಹೇಗೆ ಮುಪ್ಪಾದರು ಎಂಬ ಲೆಕ್ಕ ಬಾಕಿ. 2010ರಲ್ಲಿ ಅರ್ಥಶಾಸ್ತ್ರಜ್ಞ ಡೇವಿಡ್ ಕಟ್ಲರ್ ಮತ್ತು ಸಂಗಡಿಗರು ಭಾರತದ ಅಂಕಿಅಂಶ ಹಿಡಿದು, ಮಲೇರಿಯಾ ಇಳಿದ ಸೀಮೆಗಳಲ್ಲಿ ಹುಟ್ಟಿದ ಗಂಡಸರ ಮನೆಗಳ ಆರ್ಥಿಕ ಸ್ಥಿತಿ ಮುಂದೆ ತುಸು ಸುಧಾರಿಸಿತು, ಓದು ಮಾತ್ರ ಹೆಚ್ಚಲಿಲ್ಲ ಎಂದು ತೋರಿಸಿದರು. ಅದು ದುಡ್ಡಿನ, ಓದಿನ ಲೆಕ್ಕ. ದೇಹದ ಲೆಕ್ಕ ಅಲ್ಲ.

ಇನ್ನೊಂದು ಕಡೆ ಡಿಡಿಟಿಯ ಪ್ರಶ್ನೆ ಇದೆ. ಅದು ಮೈಯ ಕೊಬ್ಬಿನಲ್ಲಿ ಸೇರಿ ವರ್ಷಗಟ್ಟಲೆ ಕೂರುವ ವಸ್ತು. 2014ರಲ್ಲಿ ಅಮೆರಿಕದ ಒಂದು ತಂಡ 86 ಆಲ್‌ಝೈಮರ್ ರೋಗಿಗಳ ರಕ್ತವನ್ನು 79 ಆರೋಗ್ಯವಂತ ಹಿರಿಯರ ರಕ್ತದ ಜೊತೆ ಹೋಲಿಸಿದಾಗ, ಡಿಡಿಟಿ ಒಡೆದು ಉಂಟಾಗುವ ಡಿಡಿಇ ರೋಗಿಗಳಲ್ಲಿ 3.8 ಪಟ್ಟು ಹೆಚ್ಚಿತ್ತು. ಚಿಕ್ಕ ಅಧ್ಯಯನ. ಒಂದರ ಜೊತೆ ಇನ್ನೊಂದು ಇದೆ ಎಂದಷ್ಟೇ ಅದು ಹೇಳುತ್ತದೆ, ಇದರಿಂದಲೇ ಅದು ಬಂತು ಎನ್ನುವುದಿಲ್ಲ. ಭಾರತ 1989ರಲ್ಲಿ ಹೊಲಗದ್ದೆಗಳಿಗೆ ಡಿಡಿಟಿ ನಿಲ್ಲಿಸಿತು, ರೋಗ ತಡೆಗೆ ಉಳಿಸಿಕೊಂಡಿತು. ವಿಶ್ವನಾಥನ್ ಮಾಡಿದ್ದು ತಪ್ಪು ಎಂದು ಇದರಿಂದ ಯಾರೂ ಹೇಳಬಾರದು. ಆ ಮದ್ದು ಇಲ್ಲದಿದ್ದರೆ ಇಂದು ಪರೀಕ್ಷೆ ಮಾಡಲು ಹಿರಿಯರೇ ಇರುತ್ತಿರಲಿಲ್ಲ. ಆದರೆ ಜೀವ ಉಳಿಸಿದ ಮದ್ದಿನ ಬಗ್ಗೆಯೂ ಪ್ರಶ್ನೆ ಕೇಳುವುದು ವಿಜ್ಞಾನದ ಧರ್ಮ. ಅದನ್ನು ಕೇಳಲು ಇದಕ್ಕಿಂತ ತಕ್ಕ ಜಿಲ್ಲೆ ಭಾರತದಲ್ಲಿ ಸಿಗುವುದು ಕಷ್ಟ.

ಕೆಲಸ ಸುಲಭವಲ್ಲ. ಎಂಬತ್ತು ವರ್ಷದ ಹಿಂದೆ ಮೈಗೆ ಸೇರಿದ ಡಿಡಿಟಿಯನ್ನು ಇಂದಿನ ರಕ್ತದಲ್ಲಿ ಹುಡುಕಿದರೆ ಸಿಗುವುದು ಆಮೇಲಿನ ವರ್ಷಗಳದ್ದು. ಹಾಗಾಗಿ ರಕ್ತಕ್ಕಿಂತ ಮೊದಲು ಬೇಕಾದದ್ದು ಊರುಗಳ ಪಟ್ಟಿ: ಯಾವ ಊರಿಗೆ ಯಾವ ವರ್ಷ ಪಂಪು ಬಂತು, ಅಲ್ಲಿಯ ಮಕ್ಕಳ ಗುಲ್ಮದ ಲೆಕ್ಕ ಮೊದಲು ಎಷ್ಟಿತ್ತು. ಜಿಲ್ಲೆಯ ಭೂಗೋಳವೇ ಇಲ್ಲಿ ನೆರವಿಗೆ ಬರುತ್ತದೆ. ಮರಳು ನೆಲದ ಮೀನುಗಾರರ ಕೇರಿ, ಘಟ್ಟದ ಬುಡದ ಹಾಲಕ್ಕಿ ಒಕ್ಕಲಿಗರ ಕೊಪ್ಪ, ಘಟ್ಟದ ಮೇಲಿನ ಹಳ್ಳಿ, ಈ ಮೂರನ್ನೂ ಹೋಲಿಸಿ ನೋಡಬಹುದು. ಹಿರಿಯರ ರಕ್ತದೊತ್ತಡ, ಮುಷ್ಟಿಯ ಬಲ, ನಡಿಗೆ, ನೆನಪು ಅಳೆಯುವ ವಿಧಾನಗಳು ಲಾಸಿಯಲ್ಲಿ, ಶ್ರೀನಿವಾಸಪುರದಲ್ಲಿ ಪಳಗಿವೆ. ಕನ್ನಡದ ಪ್ರಶ್ನಾವಳಿಗಳಿವೆ. ಕಾರವಾರದಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಹಳ್ಳಿಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಯಾವ ಅಜ್ಜಿಗೆ ಕಣ್ಣು ಮಂಜಾಗಿದೆ, ಯಾವ ಅಜ್ಜನಿಗೆ ಲಕ್ವ ಹೊಡೆದಿದೆ ಎಂದು ಅವರಿಗೆ ತಿಳಿದಷ್ಟು ಯಾವ ಕಡತಕ್ಕೂ ತಿಳಿಯದು. ಲಕ್ವದ ಮಾತಂತೂ ಅಂಕೋಲೆಗೆ ಹೊಸತಲ್ಲ. ಬೆಳಂಬಾರದ ನಾಟಿ ಔಷಧಿಗೆ ದೂರದೂರದಿಂದ ಹಿರಿಯರನ್ನು ಕರೆತರುತ್ತಾರೆ. ಹೃದಯಕ್ಕೋ ಮಿದುಳಿಗೋ ತುರ್ತು ಬಂದರೆ ಈ ಜಿಲ್ಲೆಯ ಜನ ಇಂದಿಗೂ ಗೋವಾ, ಮಣಿಪಾಲ, ಹುಬ್ಬಳ್ಳಿಯ ದಾರಿ ಹಿಡಿಯಬೇಕು. ಸುಸಜ್ಜಿತ ಆಸ್ಪತ್ರೆಗಾಗಿ ಜನ ವರ್ಷಗಟ್ಟಲೆ ಕೂಗಿದ್ದು ಗೊತ್ತೇ ಇದೆ. ಆ ಕೂಗಿಗೆ ಅಂಕಿಯ ಬಲ ಕೊಡುವುದೂ ಇಂಥ ಅಧ್ಯಯನವೇ.

1947 ಮತ್ತು 1949ರ ಆ ಎರಡು ಪ್ರಬಂಧಗಳು ಇಂಡಿಯನ್ ಜರ್ನಲ್ ಆಫ್ ಮಲೇರಿಯಾಲಜಿಯ ಹಳೆಯ ಸಂಪುಟಗಳಲ್ಲಿವೆ. ಕೆಲಸ ಅಲ್ಲಿಂದ ಶುರುವಾಗಲಿ. ಡಿಡಿಟಿ ಬಂದ ವರ್ಷ ಐದರ ಮಗುವಾಗಿದ್ದವರಿಗೆ 2026ಕ್ಕೆ 85 ತುಂಬುತ್ತದೆ. ಅವರ ಮುಷ್ಟಿಯ ಬಲ ಅಳೆಯಬೇಕಾದದ್ದು ಈಗ.